ಆ ಹಸಿರು ಪಟ್ಟಿ ತೆಗೆದರೆ ಏನಾಗುತ್ತೆ? ಮಾತಿಸ್ ಭಾವಚಿತ್ರವನ್ನು ಬಿಚ್ಚಿ ಕಟ್ಟಿದ ನನ್ನ ಅನುಭವ

ಪ್ರಸಿದ್ಧ ಪೇಂಟಿಂಗ್ ಒಂದನ್ನು ಪೋಸ್ಟರ್ ಮಾಡುವುದು ಡಿಸೈನ್ ಕಲಿಯುವವರಿಗೆಲ್ಲ ಒಂದಲ್ಲ ಒಂದು ಸಲ ಸಿಗುವ ಕೆಲಸ. ಸಾಮಾನ್ಯವಾಗಿ ನಡೆಯುವುದು ಇಷ್ಟೇ: ಐಡ್ರಾಪರ್‌ನಿಂದ (ಚಿತ್ರದ ಮೇಲೆ ಒತ್ತಿದ ಜಾಗದ ಬಣ್ಣ ಹೆಕ್ಕಿಕೊಡುವ ಸಾಧನ) ನಾಲ್ಕು ಬಣ್ಣ ಎತ್ತಿಕೊಳ್ಳುವುದು, ಪೆನ್ ಟೂಲ್ ಹಿಡಿದು ಮುಖದ ಸುತ್ತ ಗೆರೆ ಎಳೆಯುವುದು, ಒಳಗೆ ಬಣ್ಣ ತುಂಬುವುದು. ನೋಡಿದವರು ಮೂಲ ಯಾವುದೆಂದು ಗುರುತು ಹಿಡಿಯುತ್ತಾರೆ, ಅಲ್ಲಿಗೆ ಮುಗೀತು. ಜೀವ ಮಾತ್ರ ಎಲ್ಲೋ ಸೋರಿ ಹೋಗಿರುತ್ತದೆ. ನಾನು ಬೇರೆ ದಾರಿ ಹಿಡಿದೆ. ಚಿತ್ರ ಹೇಗೆ ಕಾಣುತ್ತದೆ ಅನ್ನುವುದನ್ನು ಪಕ್ಕಕ್ಕಿಟ್ಟು, ಅದರ ಒಂದೊಂದು ಭಾಗ ಏನು ಕೆಲಸ ಮಾಡುತ್ತಿದೆ ಎಂದು ಹುಡುಕಿ, ಆ ಕೆಲಸವನ್ನು ನನ್ನ ಡಿಸೈನ್‌ನಲ್ಲಿ ಬೇರೆ ಯಾವುದಕ್ಕಾದರೂ ಒಪ್ಪಿಸುವುದು ಅಂತ.

ಆರಿಸಿಕೊಂಡದ್ದು ಫ್ರಾನ್ಸ್‌ನ ಕಲಾವಿದ ಆನ್ರಿ ಮಾತಿಸ್ 1905ರಲ್ಲಿ ಬರೆದ ತನ್ನ ಹೆಂಡತಿ ಅಮೆಲಿಯ ಭಾವಚಿತ್ರ. 'ಹಸಿರು ಪಟ್ಟಿ' ಎಂದೇ ಹೆಸರಾಗಿದೆ. ಈಗ ಕೋಪನ್‌ಹೇಗನ್‌ನ ಡೆನ್ಮಾರ್ಕ್ ರಾಷ್ಟ್ರೀಯ ಗ್ಯಾಲರಿಯಲ್ಲಿದೆ. ಹಣೆಯಿಂದ ಮೂಗಿನ ಮೇಲೆ ನೇರವಾಗಿ ಇಳಿಯುವ ಒಂದು ಹಸಿರು ಪಟ್ಟಿ, ಅದರ ಒಂದು ಪಕ್ಕದ ಕೆನ್ನೆ ಹಳದಿ, ಇನ್ನೊಂದು ಪಕ್ಕದ್ದು ಗುಲಾಬಿ. ಮೇಲೆ ಗಂಟು ಕಟ್ಟಿದ ಕಡುನೀಲಿ ಕೂದಲು. ಹಿಂದೆ ಹಸಿರು, ನೇರಳೆ, ಕಿತ್ತಳೆ ಮೂರೂ ಜಾಗಕ್ಕಾಗಿ ಜಗಳ ಆಡುತ್ತಿವೆ. ಅದೇ ವರ್ಷ ಪ್ಯಾರಿಸ್‌ನ ಶರತ್ಕಾಲದ ಸಲೋನ್ ಎಂಬ ಕಲಾ ಪ್ರದರ್ಶನದಲ್ಲಿ ಮಾತಿಸ್ ಮತ್ತು ಗೆಳೆಯರ ಬಣ್ಣಗಳನ್ನು ನೋಡಿಯೇ ವಿಮರ್ಶಕ ಲೂಯಿ ವೋಸೆಲ್ 'ಕಾಡುಮೃಗಗಳು' ಎಂಬ ಮಾತು ಬಳಸಿದ್ದು. ಅಲ್ಲಿ ತೂಗಿದ್ದ, ಟೋಪಿ ಹಾಕಿಕೊಂಡ ಹೆಂಗಸಿನ ಚಿತ್ರವೂ ಇದೇ ಅಮೆಲಿಯದ್ದು. ಆ ಟೋಪಿಯ ಚಿತ್ರದಲ್ಲಿ ಗದ್ದಲ ಜಾಸ್ತಿ. ಇದರಲ್ಲಿ ಮಾತು ಕಡಿಮೆ, ಅದಕ್ಕೇ ಬಿಚ್ಚಿ ನೋಡಲು ಇದು ವಾಸಿ.

ಶುರುವಿಗೆ ಅಳತೆ. ಮೂಲ ಚಿತ್ರ 40.5 ಸೆಂ.ಮೀ. ಎತ್ತರ, 32.5 ಸೆಂ.ಮೀ. ಅಗಲ. ಪುಸ್ತಕಗಳಲ್ಲಿ ನೋಡಿದವರು ದೊಡ್ಡ ಕ್ಯಾನ್‌ವಾಸ್ ಅಂದುಕೊಂಡಿರುತ್ತಾರೆ, ಆದರೆ ಅದು ಎ3 ಹಾಳೆಗಿಂತ ತುಸು ಅಗಲ, ಎತ್ತರದಲ್ಲಿ ತುಸು ಕಡಿಮೆ. ಲೆಕ್ಕ ಹಾಕಿದರೆ ಅನುಪಾತ ಹೆಚ್ಚುಕಡಿಮೆ 4:5. ಫೋನ್‌ನಲ್ಲಿ ಉದ್ದ ಪೋಸ್ಟ್‌ಗೆ ನಾವು ದಿನಾ ಬಳಸುವ ಅದೇ ಚೌಕಟ್ಟು! ಹಾಗಾಗಿ ನಾನು ಕ್ರಾಪ್ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ಪ್ರತಿಯನ್ನು ನಿಜವಾದ ಅಳತೆಯಲ್ಲೇ ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಿದೆ. ಪರದೆಯಲ್ಲಿ ಜೂಮ್ ಮಾಡುತ್ತಾ ಕೂತರೆ ಬ್ರಷ್ ಗುರುತು ಬಿಟ್ಟು ಬೇರೇನೂ ಕಾಣುವುದಿಲ್ಲ. ಗೋಡೆಯ ಮೇಲಿದ್ದರೆ ಕೋಣೆಯ ಆ ತುದಿಯಿಂದ ಏನು ಕಾಣುತ್ತೆ, ಹತ್ತಿರ ಬಂದಾಗ ಏನು ಕಾಣುತ್ತೆ ಎರಡೂ ಗೊತ್ತಾಗುತ್ತದೆ.

ದೂರದಿಂದ ಕಣ್ಣು ಕಿರಿದು ಮಾಡಿ ನೋಡಿದಾಗ ಕಂಡದ್ದು ಕೂದಲು, ಹುಬ್ಬು, ಕಣ್ಣು. ಇವೆಲ್ಲ ಗಾಢ, ಒಂದಕ್ಕೊಂದು ಹತ್ತಿರ. ಮೇಲಿನ ಗಂಟಿನಿಂದ ಹುಬ್ಬಿಗೆ, ಹುಬ್ಬಿನಿಂದ ಕಣ್ಣಿಗೆ ನೋಟ ಜಾರಿ ಬರುತ್ತದೆ. ಅಂದರೆ ದೂರಕ್ಕೆ ಈ ಚಿತ್ರವನ್ನು ಹಿಡಿದಿಟ್ಟಿರುವುದು ಕಪ್ಪು-ಬಿಳುಪಿನ ಅಂತರ. ಹಸಿರು ಪಟ್ಟಿ ಅಲ್ಲಿ ಅಷ್ಟೇನೂ ಸದ್ದು ಮಾಡುವುದಿಲ್ಲ. ಹತ್ತಿರ ಬಂದಂತೆ ಬಣ್ಣ ಮಾತಾಡಲು ಶುರು ಮಾಡುತ್ತದೆ. ಎರಡು ದೂರಕ್ಕೆ ಎರಡು ಬಗೆಯ ಕಾಂಟ್ರಾಸ್ಟ್. ಇದನ್ನು ನಾನು ನೋಟ್‌ಬುಕ್‌ನಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಂಡೆ, ಯಾಕಂದ್ರೆ ಪೋಸ್ಟರ್‌ಗೆ ಬೇಕಾದ ಶ್ರೇಣಿ, ಅಂದರೆ ಮೊದಲು ಏನು ಕಾಣಬೇಕು ಆಮೇಲೆ ಏನು ಕಾಣಬೇಕು ಅನ್ನುವುದು, ಇಲ್ಲೇ ರೆಡಿಯಾಗಿ ಸಿಕ್ಕಿತು.

ಆಮೇಲೆ ನನಗೆ ತುಂಬ ಇಷ್ಟವಾದ ಕೆಲಸ: ತೆಗೆದು ನೋಡುವುದು.

ಫೈಲ್‌ನ ಮೇಲೆ ಹೊಸ ಲೇಯರ್ ಹಾಕಿ, ಪಕ್ಕದ ಗುಲಾಬಿಯನ್ನೇ ಎಳೆದು ಪಟ್ಟಿಯನ್ನು ಮುಚ್ಚಿಬಿಟ್ಟೆ. ಮುಖ ಚಪ್ಪಟೆಯಾಯಿತು. ಮೂಗು ಮಾಯ. ಅದಕ್ಕಿಂತ ವಿಚಿತ್ರ ಅಂದ್ರೆ ಹಳದಿ ಕೆನ್ನೆ, ಗುಲಾಬಿ ಕೆನ್ನೆ ಬೇರೆ ಬೇರೆ ಮುಖದಿಂದ ತಂದು ಜೋಡಿಸಿದ ಹಾಗೆ ಕಂಡವು. ಎರಡನ್ನೂ ಬೇರೆ ಮಾಡುತ್ತಿದೆ ಅಂತ ಅಂದುಕೊಳ್ಳುವ ಪಟ್ಟಿಯೇ ನಿಜಕ್ಕೂ ಅವನ್ನು ಒಟ್ಟಿಗೆ ಇಟ್ಟಿತ್ತು. ಮುಂದೆ ಪಟ್ಟಿಗೆ ಬೂದು ಬಣ್ಣ ಕೊಟ್ಟೆ. ಮೂಗು ವಾಪಸ್ ಬಂತು, ಆದರೆ ಸಾದಾ ನೆರಳಾಗಿ, ಯಾರು ಬೇಕಾದರೂ ಬರೆಯಬಹುದಾದ ಚಿತ್ರದಂತೆ. ಕೆಂಪು ಕೊಟ್ಟಾಗ ಗಾಯದಂತೆ ಕಂಡಿತು, ತುಟಿ ಸತ್ತೇ ಹೋಯಿತು. ನೇರಳೆ ಕೊಟ್ಟರೆ ಹಳದಿ ಕೆನ್ನೆ ಕೂಗಾಡಲು ಶುರು ಮಾಡಿತು. ಹಸಿರೇ ಯಾಕೆ ಅನ್ನುವುದಕ್ಕೆ ಉತ್ತರ ಹಿನ್ನೆಲೆಯಲ್ಲಿತ್ತು: ಒಂದು ಪಕ್ಕದಲ್ಲಿ ದೊಡ್ಡದಾಗಿ ಹಬ್ಬಿರುವ ಹಸಿರಿಗೆ ಈ ಪಟ್ಟಿ ನೆಂಟ. ಎರಡೂ ಒಂದೇ ಹಸಿರಲ್ಲ, ಪಟ್ಟಿಯದ್ದು ಹಳದಿ ಕಡೆಗೆ ವಾಲುತ್ತದೆ, ಆದರೂ ಕಣ್ಣು ಎರಡನ್ನೂ ಗಂಟು ಹಾಕಿಕೊಳ್ಳುತ್ತದೆ. ಹಿನ್ನೆಲೆಯ ಬಣ್ಣ ಮುಖದ ನಡುವೆ ಮತ್ತೆ ಬಂದದ್ದರಿಂದಲೇ ಅಷ್ಟು ವಿರುದ್ಧ ಬಣ್ಣಗಳಿದ್ದೂ ಚಿತ್ರ ಒಡೆದು ಹೋಗಿಲ್ಲ. ಏಕತೆ ಅಂತ ಪಾಠದಲ್ಲಿ ಓದುತ್ತೇವಲ್ಲ, ಅದು ಇಷ್ಟೇ.

ಇಲ್ಲಿ ಒಂದು ಎಚ್ಚರಿಕೆ. ಐಡ್ರಾಪರ್ ಹೇಳಿದ್ದನ್ನು ಪೂರ್ತಿ ನಂಬಬೇಡಿ. ಪಟ್ಟಿಯ ಒಂದೊಂದು ಪಿಕ್ಸೆಲ್‌ನಲ್ಲಿ ಒಂದೊಂದು ಹಸಿರಿದೆ. ಸರಾಸರಿ ತೆಗೆದು ಬಿಳಿ ಹಾಳೆಯ ಮೇಲಿಟ್ಟರೆ ಮಂಕಾದ, ಹೆಸರಿಲ್ಲದ ಒಂದು ಹಸಿರು ಕಾಣುತ್ತದೆ. ಅದನ್ನೇ ಗುಲಾಬಿ ಪಕ್ಕ ಇಡಿ, ತಕ್ಷಣ ಹೊಳೆಯುತ್ತದೆ. ಫ್ರಾನ್ಸ್‌ನ ರಸಾಯನಶಾಸ್ತ್ರಜ್ಞ ಷೆವ್ರಲ್ 1839ರಲ್ಲೇ ಇದನ್ನು ವಿವರವಾಗಿ ಬರೆದಿದ್ದರು. ಅವರು ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥರು. ಕಪ್ಪು ದಾರ ಸರಿಯಾಗಿ ಕಪ್ಪಗಿಲ್ಲ ಎಂದು ದೂರು ಬಂದಾಗ ಹುಡುಕಿ ನೋಡಿದರೆ ದಾರದ ಬಣ್ಣದಲ್ಲಿ ತಪ್ಪಿರಲಿಲ್ಲ, ಪಕ್ಕದ ದಾರಗಳ ಬಣ್ಣದಿಂದ ಅದು ಹಾಗೆ ಕಾಣುತ್ತಿತ್ತು. ಅದಕ್ಕೇ ನಾನು ಬಣ್ಣಗಳನ್ನು ಒಂದೊಂದಾಗಿ ಆರಿಸುವುದನ್ನು ಬಿಟ್ಟು ಜೋಡಿಯಾಗಿ ಆರಿಸಿದೆ. ಗುಲಾಬಿ ಕೆನ್ನೆಯ ಪಕ್ಕ ಹಸಿರು ಹಿನ್ನೆಲೆ, ಹಳದಿ ಕೆನ್ನೆಯ ಪಕ್ಕ ನೇರಳೆ. ಬಣ್ಣಚಕ್ರದಲ್ಲಿ ಎರಡು ಜೋಡಿಯೂ ಹೆಚ್ಚುಕಡಿಮೆ ಎದುರುಬದುರು.

ಇನ್ನು ಭಾವ. ಅಮೆಲಿಯ ಮುಖದಲ್ಲಿ ಅಳುವಿಲ್ಲ, ನಗುವಿಲ್ಲ, ಗಟ್ಟಿಯಾಗಿ ಸುಮ್ನೆ ಕೂತಿದ್ದಾಳೆ. ಆದರೂ ಚಿತ್ರ ತಟ್ಟುತ್ತದೆ. 1908ರಲ್ಲಿ ಬರೆದ ಒಂದು ಲೇಖನದಲ್ಲಿ ಮಾತಿಸ್ ಇದಕ್ಕೆ ಕಾರಣ ಹೇಳಿಕೊಂಡಿದ್ದಾರೆ: ಅವರ ಪ್ರಕಾರ ಅಭಿವ್ಯಕ್ತಿ ಇರುವುದು ಮುಖದ ಮೇಲೆ ಉಕ್ಕುವ ಭಾವದಲ್ಲಲ್ಲ, ಆಕೃತಿ ಎಲ್ಲಿ ಕೂತಿದೆ, ಸುತ್ತ ಎಷ್ಟು ಖಾಲಿ ಇದೆ, ಯಾವುದು ಎಷ್ಟಿದೆ ಎಂಬ ಇಡೀ ಜೋಡಣೆಯಲ್ಲಿ. ಡಿಸೈನರ್‌ಗೆ ಇದಕ್ಕಿಂತ ಒಳ್ಳೆ ಸುದ್ದಿ ಬೇಕಾ? ಜೋಡಣೆಯೇ ಭಾವ ಅಂತಾದರೆ ಕಣ್ಣು, ತುಟಿಗಳನ್ನು ಚೆಂದ ಬರೆಯಲು ಬರದಿದ್ದರೂ ಜೋಡಣೆಯಿಂದಲೇ ಭಾವ ಹುಟ್ಟಿಸಬಹುದು.

ಹಾಗಾಗಿ ನನಗೆ ನಾನೇ ಕಟ್ಟುಪಾಡು ಹಾಕಿಕೊಂಡೆ. ಹೊರಗೆರೆ ಇಲ್ಲ. ಬ್ರಷ್ ಟೆಕ್ಸ್‌ಚರ್ ಇಲ್ಲ. ಆರೇ ಬಣ್ಣ. ಕಣ್ಣಿಲ್ಲ, ಹುಬ್ಬು ಮಾತ್ರ. ಕಣ್ಣು ಬಿಟ್ಟದ್ದು ಯಾಕೆ ಅಂದ್ರೆ, ಸಪಾಟು ಆಕಾರಗಳ ನಡುವೆ ಒಂದು ಕಣ್ಣು ಇಟ್ಟರೂ ನೋಡುವವರು ಅದಕ್ಕೇ ಅಂಟಿಕೊಳ್ಳುತ್ತಾರೆ, ಮಿಕ್ಕಿದ್ದೆಲ್ಲ ಬರೀ ಅಲಂಕಾರವಾಗಿಬಿಡುತ್ತದೆ.

ಮುಖ್ಯ ನಿರ್ಧಾರ ಪಟ್ಟಿಯದ್ದು. ಮೂಲದಲ್ಲಿ ಅದು ಮುಖದ ಮೇಲೆ ಬಳಿದ ಬಣ್ಣ. ನಾನು ಅದನ್ನು ಬಳಿಯಲೇ ಇಲ್ಲ. ಮುಖವನ್ನು ಎರಡು ತುಂಡು ಮಾಡಿ ನಡುವೆ ಸಂದಿ ಬಿಟ್ಟೆ. ಆ ಸಂದಿಯಿಂದ ಹಿಂದಿನ ಹಸಿರೇ ಇಣುಕುತ್ತದೆ. ಹಿನ್ನೆಲೆ ಒಳಗೆ ನುಗ್ಗಿ ಮೂಗಾಯಿತು. ಫಿಗರ್ (ಆಕೃತಿ) ಯಾವುದು, ಗ್ರೌಂಡ್ (ಹಿನ್ನೆಲೆ) ಯಾವುದು ಎಂದು ಕಣ್ಣು ಒಂದು ಕ್ಷಣ ತಡವರಿಸುತ್ತದೆ. ಮೂಲ ಚಿತ್ರ ನೋಡುವಾಗ ಆಗುವ ಅದೇ ಕಸಿವಿಸಿ ಬೇರೆ ಉಪಾಯದಿಂದ ಬಂತು.

ಸಂದಿಯ ಆಕಾರಕ್ಕೆ ಹಿಡಿದ ಸಮಯ ಬೇರೆ ಯಾವುದಕ್ಕೂ ಹಿಡಿಯಲಿಲ್ಲ. ಒಂದೇ ಅಗಲದ ಸಂದಿ ಇಟ್ಟರೆ ಬಾಗಿಲು ತೆರೆದ ಹಾಗೆ ಕಾಣುತ್ತದೆ. ತೀರಾ ಅಗಲವಾದರೆ ಎರಡು ತುಂಡುಗಳೂ ಬೇರೆ ಬೇರೆ ಮುಖಗಳಾಗಿ ಎದುರಾಳಿಗಳಾಗುತ್ತವೆ, ತೀರಾ ಕಿರಿದಾದರೆ ಬರೀ ಗೆರೆ. ಕೊನೆಗೆ ನಿಂತದ್ದು ಹೀಗೆ: ಕೂದಲ ಬುಡದಲ್ಲಿ ಮುಖದ ಅಗಲದ ಹತ್ತನೇ ಒಂದು ಭಾಗ, ಹುಬ್ಬುಗಳ ನಡುವೆ ಅದರ ಅರ್ಧ, ಅಲ್ಲಿಂದ ಮೂಗಿನ ತುದಿಗೆ ಬರುವಾಗ ಮತ್ತೆ ಸ್ವಲ್ಪ ಅಗಲ, ಆಮೇಲೆ ತುಟಿಯ ಮೇಲೆ ನಿಂತುಬಿಡುತ್ತದೆ. ತುಟಿ ಮಾತ್ರ ಎರಡೂ ತುಂಡುಗಳ ಮೇಲೆ ಅಡ್ಡಲಾಗಿ ಕೂತಿದೆ. ಆ ಚಿಕ್ಕ ಕೆಂಪು ಆಕಾರವೇ ಎರಡನ್ನೂ ಹಿಡಿದುಕೊಂಡಿರುವ ಪಿನ್. ಹುಬ್ಬುಗಳ ನಡುವೆ ಸಂದಿ ಕಿರಿದಾಗುವ ಆ ಒಂದೇ ಕಾರಣಕ್ಕೆ ನೋಡುವವರು ಮೂಗು ಅಂತ ಓದುತ್ತಾರೆ. ನಾನು ಒಂದು ಗೆರೆಯನ್ನೂ ಎಳೆದಿಲ್ಲ, ಮಿಕ್ಕಿದ್ದನ್ನು ಅವರ ಕಣ್ಣೇ ತುಂಬಿಕೊಳ್ಳುತ್ತದೆ. ನಾವು ಆಕಾರಗಳನ್ನು ಹೇಗೆ ಇಡಿಯಾಗಿ ಕಾಣುತ್ತೇವೆ ಎಂದು ಹೇಳುವ ಗೆಸ್ಟಾಲ್ಟ್ ಮನಶ್ಶಾಸ್ತ್ರದಲ್ಲಿ ಇದಕ್ಕೆ ಕ್ಲೋಷರ್ ಅನ್ನುತ್ತಾರೆ.

ಸಮತೋಲನ ಬೇಗ ಬಗೆಹರಿಯಿತು. ಎರಡು ತುಂಡುಗಳನ್ನು ಒಂದೇ ಅಗಲ ಮಾಡಿದಾಗ ಲೋಗೋ ಥರ ಬಿಗಿದುಕೊಂಡಿತು. ಗುಲಾಬಿ ತುಂಡನ್ನು ಕಿರಿದು ಮಾಡಿ, ಕೂದಲಗಂಟನ್ನು ಅದೇ ಕಡೆಗೆ ಒಂಚೂರು ಸರಿಸಿದೆ. ತೂಕ ಸರಿಹೋಯಿತು.

ಬ್ರಷ್ ಗುರುತು ಬಿಟ್ಟದ್ದರಿಂದ ಕೈಯ ಬಿಸಿ ಹೋಗುತ್ತದೆ, ಅದನ್ನು ಎಲ್ಲಿಂದ ತರುವುದು? ವೆಕ್ಟರ್‌ನಲ್ಲಿ, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಬರೆಯುವ ಗೆರೆಗಳಲ್ಲಿ, ಎಳೆದ ಅಂಚು ತೀರಾ ನುಣುಪು. ಹಾಗಾಗಿ ಪ್ರಿಂಟ್ ತೆಗೆದು, ಬಣ್ಣದ ಕಾಗದದ ಮೇಲಿಟ್ಟು ಕತ್ತರಿಯಿಂದ ಕತ್ತರಿಸಿ ಮತ್ತೆ ಸ್ಕ್ಯಾನ್ ಮಾಡಿದೆ. ಕತ್ತರಿ ತಿರುಗುವ ಜಾಗದಲ್ಲಿ ಸಣ್ಣ ಸಣ್ಣ ಮೂಲೆ ಬೀಳುತ್ತವೆ. ಅವು ನನಗೆ ಬೇಕಿದ್ದವು. ಮಾತಿಸ್ ಕೂಡ 1940ರ ದಶಕದಲ್ಲಿ ಬಣ್ಣ ಬಳಿದ ಕಾಗದವನ್ನು ಕತ್ತರಿಸಿಯೇ ಚಿತ್ರ ಮಾಡಿದರು ಅನ್ನುವುದು ಆಗ ತಲೆಯಲ್ಲಿ ಇತ್ತು, ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅವರ ಎಲೆ-ಪಾಚಿ ಆಕಾರಗಳ ಹತ್ತಿರ ಹೋಗದೆ ಅಂಚನ್ನಷ್ಟೇ ತೆಗೆದುಕೊಂಡೆ.

ಇನ್ನು ಪರೀಕ್ಷೆಗಳು. ಐಕಾನ್ ಅಳತೆಗೆ ಕುಗ್ಗಿಸಿದಾಗ ಕೂದಲು, ಹುಬ್ಬು ಉಳಿದವು, ಮುಖ ಅಂತ ಗೊತ್ತಾಯಿತು. ಗ್ರೇಸ್ಕೇಲ್ (ಬಣ್ಣ ತೆಗೆದು ಬರೀ ಕಪ್ಪು-ಬೂದು-ಬಿಳಿ) ಮಾಡಿದಾಗ ಸಂದಿ ಗುಲಾಬಿ ಕೆನ್ನೆಯೊಳಗೆ ಕರಗಿತು. ಕೆಂಪು-ಹಸಿರು ಗುರುತಿಸಲು ಕಷ್ಟವಿರುವವರಿಗೆ ಹೇಗೆ ಕಾಣುತ್ತದೆಂದು ತೋರಿಸುವ ಪ್ರೀವ್ಯೂ ಹಾಕಿದರೂ ಅದೇ ಕಥೆ. ಈ ತೊಂದರೆ ಗಂಡಸರಲ್ಲಿ ಜಾಸ್ತಿ, ಪೋಸ್ಟರ್ ಮಾಡುವವರು ಮರೆಯುವ ಹಾಗಿಲ್ಲ. ಪರಿಹಾರ ಸುಲಭ: ಬಣ್ಣ ಮುಟ್ಟದೆ ಬೆಳಕಿನ ಮಟ್ಟ ಮಾತ್ರ ಬದಲಿಸುವುದು. ಲ್ಯಾಬ್ ಮೋಡ್‌ನಲ್ಲಿ (ಬೆಳಕಿನ ಮಟ್ಟವನ್ನು ಬಣ್ಣದಿಂದ ಬೇರೆ ಮಾಡಿ 0ಯಿಂದ 100ರವರೆಗೆ ಅಳೆಯುವ ವಿಧಾನ) ಎರಡೂ ಕೆನ್ನೆಗಳನ್ನು 75ರ ಹತ್ತಿರ ಇಟ್ಟು ಹಸಿರನ್ನು 55ಕ್ಕೆ ಇಳಿಸಿದೆ. ಹೊಳಪು ಸ್ವಲ್ಪ ತಗ್ಗಿತು, ಆದರೆ ಮೂಗು ಎಲ್ಲರಿಗೂ ಕಾಣುತ್ತದೆ.

ಇದೇ ಉತ್ಸಾಹದಲ್ಲಿ ಬಣ್ಣವೇ ಇಲ್ಲದ ಇನ್ನೊಂದನ್ನು ಮಾಡಿದೆ, ಒಂದೇ ಕಪ್ಪು ಶಾಯಿಯದ್ದು. ಹಳದಿ ಕೆನ್ನೆಗೆ ಅಡ್ಡ ಗೆರೆ, ಗುಲಾಬಿ ಕೆನ್ನೆಗೆ ಓರೆ ಗೆರೆ, ಸಂದಿ ಖಾಲಿ ಕಾಗದ. ಬೆಚ್ಚಗಿನ ಪಕ್ಕ, ತಣ್ಣಗಿನ ಪಕ್ಕ ಎಂಬ ವ್ಯತ್ಯಾಸವನ್ನು ಗೆರೆಯ ದಿಕ್ಕು ಹೊತ್ತುಕೊಳ್ಳುತ್ತದಾ ಎಂಬುದೇ ಪ್ರಶ್ನೆ. ತಕ್ಕಮಟ್ಟಿಗೆ ಹೊರುತ್ತದೆ. ಗೆರೆಗಳ ನಡುವಿನ ಅಂತರವನ್ನು ಎರಡೂ ಕಡೆ ಒಂದೇ ಇಟ್ಟರೆ ಕಣ್ಣು ಕುಕ್ಕುತ್ತದೆ, ಒಂದು ಕಡೆ ತುಸು ಸಡಿಲ ಬಿಟ್ಟರೆ ಲಯ ಬರುತ್ತದೆ. ಬಣ್ಣದ್ದರಷ್ಟು ತಟ್ಟುವುದಿಲ್ಲ, ಆದರೆ ಸ್ಟಾಂಪ್ ಮಾಡಲು, ಬಟ್ಟೆ ಮೇಲೆ ಒತ್ತಲು ಇದೇ ಚೆನ್ನ.

ಪ್ರಿಂಟ್‌ಗೆ ಕಳಿಸುವವರಿಗೆ ಒಂದು ಮಾತು. ಪರದೆಯ ಕಿತ್ತಳೆ ಮತ್ತು ನೇರಳೆ ಸಿಎಂವೈಕೆಗೆ, ಅಂದರೆ ಮುದ್ರಣದ ನಾಲ್ಕು ಶಾಯಿಗಳಿಗೆ, ಬಂದಾಗ ಮಂಕಾಗುತ್ತವೆ. ಪ್ರಿಂಟ್ ಹೇಗೆ ಬರುತ್ತದೆಂದು ಪರದೆಯಲ್ಲೇ ತೋರಿಸುವ ಸಾಫ್ಟ್ ಪ್ರೂಫ್ ಆನ್ ಮಾಡಿಕೊಂಡೇ ಬಣ್ಣ ಆರಿಸಿ. ಹಕ್ಕಿನ ವಿಷಯಕ್ಕೆ ಬಂದರೆ, ಮಾತಿಸ್ ತೀರಿಕೊಂಡದ್ದು 1954ರಲ್ಲಿ, ಕಲಾವಿದ ಸತ್ತು 70 ವರ್ಷದವರೆಗೆ ಹಕ್ಕು ಇರುವ ದೇಶಗಳಲ್ಲಿ ಅವರ ಕೃತಿಗಳು 2025ರ ಆರಂಭದಿಂದ ಮುಕ್ತ. ನಿಮ್ಮ ದೇಶದ ನಿಯಮ ಬೇರೆ ಇರಬಹುದು, ಮಾರಾಟಕ್ಕೆ ಇಡುವ ಮುಂಚೆ ನೋಡಿಕೊಳ್ಳಿ.