ಪೋಸ್ಟಿಂಗ್ ಬಂತು, ಗಾಡಿ ಏನು ಮಾಡೋದು? ಸೈನಿಕರ ಮನೆಯವರಿಗೆ
ಹೊಸ ಗಾಡಿ ಕೊಳ್ಳುವವರಿದ್ದರೆ ಬಿಎಚ್ (ಭಾರತ್ ಸರಣಿ) ನಂಬರ್ ಕೇಳಿ. 2021ರಲ್ಲಿ ಬಂದ ಈ ಸರಣಿ ಸೇನೆಯಲ್ಲಿರುವವರಿಗೆ ಅಧಿಕೃತ ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ, ರಾಜ್ಯ ಬದಲಾದರೂ ನಂಬರ್ ಬದಲಿಸಬೇಕಿಲ್ಲ, ತೆರಿಗೆಯನ್ನೂ ಒಟ್ಟಿಗೆ ಸುರಿಯದೆ ಎರಡೆರಡು ವರ್ಷಕ್ಕೆ ಕಟ್ಟಬಹುದು. ಆ ದಿನಾಂಕ ಮಾತ್ರ ಮರೆಯಬೇಡಿ, ತಡವಾದರೆ ದಿನಕ್ಕಿಷ್ಟು ಅಂತ ದಂಡ ಬೀಳುತ್ತದೆ.

ಗಾಡಿಗೆ ಈಗಾಗಲೇ ಒಂದು ರಾಜ್ಯದ ಹಳೆ ನಂಬರ್ ಇದೆಯಾ? ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅಲ್ಲಿನ ನಂಬರ್ ಪಡೆಯಬೇಕು. ಅದಕ್ಕೆ ಸಾಮಾನು ಕಟ್ಟುವ ಮೊದಲೇ ಫಾರಂ 28ರಲ್ಲಿ ಎನ್‌ಒಸಿಗೆ (ನಿರಾಕ್ಷೇಪಣಾ ಪತ್ರಕ್ಕೆ) ಅರ್ಜಿ ಹಾಕಿ. ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ನಾವು ಇದನ್ನು ಮರೆತು ಸುಮ್ನೆ ಎರಡು ವಾರ ಅಲೆದೆವು!

ಡಿಎಲ್ ಬಗ್ಗೆ ತಲೆಬಿಸಿ ಬೇಡ, ಅದು ಇಡೀ ದೇಶಕ್ಕೆ ನಡೆಯುತ್ತದೆ. ಆರ್‌ಸಿ, ವಿಮೆ ಡಿಜಿಲಾಕರ್‌ನಲ್ಲಿ ಇರಲಿ.