ಪಿಡಿಒ ಬೈಕ್ ಮೇಲೆ ಕೂತೇ ಓದಿ ಮುಗಿಸುವಂಥ ಜ್ಞಾಪನ ಬರೆಯುವುದು ಹೇಗೆ

ತಾಲ್ಲೂಕು ಪಂಚಾಯಿತಿ ಕಚೇರಿಯಲ್ಲಿ ನನ್ನ ಮೇಜಿನಿಂದ ಹೊರಗೆ ಹೋಗುವ ಜ್ಞಾಪನಗಳು (ಕಚೇರಿಯ ಲಿಖಿತ ಸೂಚನೆಗಳು) ಹೆಚ್ಚುಕಮ್ಮಿ ಎಲ್ಲವೂ ಪಿಡಿಒಗಳಿಗೇ, ಅಂದರೆ ಗ್ರಾಮ ಪಂಚಾಯಿತಿಗಳ ಅಭಿವೃದ್ಧಿ ಅಧಿಕಾರಿಗಳಿಗೇ. ಅವರು ಅದನ್ನು ಮೊದಲು ಓದುವುದು ಟಪಾಲಿನಲ್ಲಿ ಅಲ್ಲ, ವಾಟ್ಸಾಪ್ ಗುಂಪಿನಲ್ಲಿ. ಆ ಹೊತ್ತಿಗೆ ಅವರ ಮುಂದೆ ಇ-ಸ್ವತ್ತು (ಆಸ್ತಿಯ ದಾಖಲೆ) ಕೇಳಿಕೊಂಡು ಬಂದವರು ನಿಂತಿರುತ್ತಾರೆ. ಊರಿಗೆ ನೀರು ಬಿಡುವ ನೀರುಗಂಟಿ ಫೋನ್ ಮಾಡಿ ಮೋಟಾರ್ ಸುಟ್ಟಿದೆ ಅನ್ನುತ್ತಿರುತ್ತಾರೆ. ಅದರ ಮಧ್ಯೆ ನಮ್ಮ ಪಿಡಿಎಫ್ ಬಂದು ಬೀಳುತ್ತದೆ. ತೆರೆದು ನೋಡುವ ಅರ್ಧ ನಿಮಿಷದಲ್ಲಿ ಏನು ಮಾಡಬೇಕು, ಯಾವಾಗ ಮಾಡಬೇಕು ಅನ್ನುವುದು ಅವರಿಗೆ ಗೊತ್ತಾಗಬೇಕು. ಹೊಸದಾಗಿ ಸೇರಿದ ಕಚೇರಿ ಗುಮಾಸ್ತರಾದ ಎಸ್‌ಡಿಎ, ಎಫ್‌ಡಿಎಗಳಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ.

ಬೇಸಿಗೆಯಲ್ಲಿ ಎಲ್ಲ ಕಡೆ ಹೋಗುವ ಒಂದು ಜ್ಞಾಪನ ನೋಡಿ. ಸಾಮಾನ್ಯವಾಗಿ ಹೀಗಿರುತ್ತದೆ:

"ವಿಷಯ: ಕುಡಿಯುವ ನೀರಿನ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖಿತ ಪತ್ರದನ್ವಯ, ತಮ್ಮ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಕುಡಿಯುವ ನೀರಿನ ಸಮಸ್ಯೆ ಉದ್ಭವಿಸದಂತೆ ಅಗತ್ಯ ಕ್ರಮ ವಹಿಸಿ, ಸದರಿ ಮಾಹಿತಿಯನ್ನು ನಿಗದಿತ ನಮೂನೆಯಲ್ಲಿ ತುರ್ತಾಗಿ ಸಲ್ಲಿಸುವಂತೆ ಸೂಚಿಸಿದೆ. ತಪ್ಪಿದಲ್ಲಿ ತಮ್ಮನ್ನೇ ನೇರ ಹೊಣೆಗಾರರನ್ನಾಗಿ ಮಾಡಲಾಗುವುದು."

ಇದನ್ನು ಓದಿದ ಪಿಡಿಒಗೆ ಏನು ಸಿಕ್ಕಿತು? ಅಗತ್ಯ ಕ್ರಮ ಅಂದರೆ ಯಾವ ಕ್ರಮ? ತುರ್ತಾಗಿ ಅಂದರೆ ಇವತ್ತಾ, ಈ ವಾರದಲ್ಲಾ? ನಮೂನೆ ಎಲ್ಲಿದೆ? ಒಬ್ಬರು ಕೊಳವೆ ಬಾವಿಗಳ ಪಟ್ಟಿ ಕಳುಹಿಸುತ್ತಾರೆ, ಇನ್ನೊಬ್ಬರು ಟ್ಯಾಂಕರ್ ಬಾಡಿಗೆಯ ಲೆಕ್ಕ, ಮತ್ತೊಬ್ಬರು "ಸಮಸ್ಯೆ ಇರುವುದಿಲ್ಲ" ಅಂತ ಒಂದು ಸಾಲು. ಇವನ್ನೆಲ್ಲ ಕ್ರೋಡೀಕರಿಸಲು ಕೂತ ವಿಷಯ ನಿರ್ವಾಹಕರು (ಆ ಕಡತ ನೋಡಿಕೊಳ್ಳುವ ಗುಮಾಸ್ತರು) ಆಮೇಲೆ ಒಂದೊಂದು ಪಂಚಾಯಿತಿಗೂ ಫೋನ್ ಮಾಡಬೇಕು.

ಅದೇ ಕೆಲಸಕ್ಕೆ ನಾನು ಬರೆಸುವುದು ಹೀಗೆ:

"ವಿಷಯ: ನೀರು ಬಾರದ ಕೊಳವೆ ಬಾವಿಗಳ ಪಟ್ಟಿಯನ್ನು ಮಾರ್ಚ್ 10ರೊಳಗೆ ಕಳುಹಿಸುವ ಬಗ್ಗೆ. ನಿಮ್ಮ ಪಂಚಾಯಿತಿಯಲ್ಲಿ ಈಗ ನೀರು ಬಾರದಿರುವ ಕೊಳವೆ ಬಾವಿಗಳ ಪಟ್ಟಿಯನ್ನು ಮಾರ್ಚ್ 10, ಮಂಗಳವಾರ ಸಂಜೆ 4 ಗಂಟೆಯೊಳಗೆ ಕಳುಹಿಸಿ. ಪ್ರತಿ ಬಾವಿಗೆ ಮೂರು ವಿವರ ಸಾಕು: ಯಾವ ಊರು, ಮೋಟಾರ್, ಕೇಬಲ್, ಪೈಪ್ ಇವುಗಳಲ್ಲಿ ಏನು ಕೆಟ್ಟಿದೆ ಅಥವಾ ನೀರೇ ಬತ್ತಿದೆಯೇ, ಆ ಊರಿಗೆ ಟ್ಯಾಂಕರ್ ಬೇಕೇ. ಅಂಥ ಬಾವಿ ಒಂದೂ ಇಲ್ಲದಿದ್ದರೆ ಶೂನ್ಯ ವರದಿ ಕಳುಹಿಸಿ. ಮಾರ್ಚ್ 12ರ ಸಭೆಯಲ್ಲಿ ಟ್ಯಾಂಕರ್ ಹಂಚಿಕೆ ಈ ಪಟ್ಟಿಯ ಮೇಲೆಯೇ ತೀರ್ಮಾನವಾಗುತ್ತದೆ."

ಇದರಲ್ಲಿ ಮೊದಲು ವಿಷಯದ ಸಾಲು ಗಮನಿಸಿ. ಗುಂಪಿನಲ್ಲಿ ದಿನಕ್ಕೆ ಎಷ್ಟೋ ಪಿಡಿಎಫ್ ಬರುತ್ತವೆ. "ಕುಡಿಯುವ ನೀರಿನ ಬಗ್ಗೆ" ಅಂದರೆ ಅದು ಹಳೆಯದೋ ಹೊಸದೋ ಗೊತ್ತಾಗಲ್ಲ. ಏನು, ಯಾವ ತಾರೀಖಿನೊಳಗೆ, ಇವೆರಡೂ ವಿಷಯದಲ್ಲೇ ಇರಲಿ. ಕಡತದ ಹೆಸರನ್ನೂ ಹಾಗೇ ಇಡಿ. ಸ್ಕ್ಯಾನರ್ ಕೊಟ್ಟ ಅಂಕಿಗಳ ಹೆಸರಲ್ಲೇ ಕಳುಹಿಸಿದರೆ ನಾಳೆ ಹುಡುಕುವವರು ನೀವೇ.

ಮೊದಲ ವಾಕ್ಯದಲ್ಲೇ ಕೆಲಸ ಹೇಳಿ. ಜಿಲ್ಲಾ ಪಂಚಾಯಿತಿ ಪತ್ರದ ಸಂಖ್ಯೆ, ದಿನಾಂಕ ಎಲ್ಲ ಬೇಕು ನಿಜ, ಆದರೆ ಅದಕ್ಕೇ 'ಉಲ್ಲೇಖ' ಅಂತ ಒಂದು ಜಾಗ ಇದೆಯಲ್ಲ. ಅಲ್ಲಿ ಬರೆದದ್ದನ್ನು ಮತ್ತೆ ಮೊದಲ ಪ್ಯಾರಾದಲ್ಲಿ ಬಿಡಿಸಿ ಹೇಳುವುದು ಬೇಡ.

ತಾರೀಖಿನ ಜೊತೆ ವಾರ, ಗಂಟೆ ಹಾಕಿ. ಹಾಕುವ ಮೊದಲು ಕ್ಯಾಲೆಂಡರ್ ನೋಡಿ. ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಅನ್ನುವುದು ಮರೆತು ಅದೇ ದಿನವನ್ನು ಕೊನೆಯ ದಿನ ಮಾಡುವವರಿದ್ದಾರೆ. ಮಾರ್ಚ್ ಕೊನೆಯ ವಾರದಲ್ಲಂತೂ ಎಲ್ಲರೂ ಬಿಲ್ಲುಗಳ ಹಿಂದೆ ಬಿದ್ದಿರುತ್ತಾರೆ. ಸರ್ಕಾರದ ಹಣ ಪಾವತಿಯ ತಂತ್ರಾಂಶ ಖಜಾನೆ-2ರಲ್ಲಿ ಬಿಲ್ ಏರಿಸುವ ಗಡಿಬಿಡಿಯಲ್ಲಿ ನಿಮ್ಮ ಜ್ಞಾಪನಕ್ಕೆ ಉತ್ತರ ಬರಲ್ಲ. ತೀರಾ ಬೇಕಾದದ್ದು ಅಲ್ಲದಿದ್ದರೆ ಏಪ್ರಿಲ್‌ಗೆ ಇಟ್ಟುಕೊಳ್ಳಿ.

ಕಾರಣಕ್ಕೆ ಒಂದು ಸಾಲು ಮೀಸಲಿಡಿ. ನನ್ನ ಪ್ರಕಾರ ಜ್ಞಾಪನದಲ್ಲಿ ಅತಿ ಹೆಚ್ಚು ಕೆಲಸ ಮಾಡುವ ಸಾಲು ಅದೇ. "ಟ್ಯಾಂಕರ್ ಹಂಚಿಕೆ ಈ ಪಟ್ಟಿಯ ಮೇಲೆಯೇ" ಅಂತ ಬರೆದ ಕೂಡಲೇ ಪಿಡಿಒ ತಾವಾಗಿಯೇ ನೀರುಗಂಟಿಗೆ ಫೋನ್ ಮಾಡುತ್ತಾರೆ, ಏಕೆಂದರೆ ಪಟ್ಟಿ ತಪ್ಪಿದರೆ ಅವರ ಊರಿಗೇ ನೀರು ತಪ್ಪುತ್ತದೆ. "ನೇರ ಹೊಣೆಗಾರರು" ಅನ್ನುವ ಸಾಲಿಗೆ ಆ ಶಕ್ತಿ ಇಲ್ಲ. ಪ್ರತಿ ಜ್ಞಾಪನದ ಕೊನೆಗೂ ಅದನ್ನು ಅಂಟಿಸಿ ಅಂಟಿಸಿ ಅದನ್ನು ಯಾರೂ ಓದುವುದೇ ಇಲ್ಲ. ನಿಜವಾಗಿ ಕ್ರಮ ತೆಗೆದುಕೊಳ್ಳುವ ಸಂದರ್ಭ ಬಂದಾಗ ಅದಕ್ಕೆ ಕಾರಣ ಕೇಳುವ ನೋಟಿಸ್ ಬೇರೆಯೇ ಇದೆ. ದಿನವಿಡೀ ಬಿಸಿಲಲ್ಲಿ ತಿರುಗುವವರಿಗೆ ಸುಮ್ನೆ ಬೆದರಿಕೆ ಹಾಕುವುದು ನನಗೆ ಸರಿ ಅನ್ನಿಸಲ್ಲ.

ನಮೂನೆ ಕಳುಹಿಸುವಾಗ ಒಂದೊಂದು ಕಾಲಂ ಮೇಲೂ ಬೆರಳಿಟ್ಟು ಕೇಳಿ: ಇದನ್ನು ಇಟ್ಟುಕೊಂಡು ನಾವು ಏನು ಮಾಡುತ್ತೇವೆ? ಉತ್ತರ ಇಲ್ಲದಿದ್ದರೆ ತೆಗೆದುಬಿಡಿ. ಗ್ರಾಮ ಪಂಚಾಯಿತಿಗಳ ಪಂಚತಂತ್ರ ತಂತ್ರಾಂಶದಲ್ಲಿ ಆಗಲೇ ಇರುವ ಮಾಹಿತಿಯನ್ನು ಮತ್ತೆ ಕೇಳಬೇಡಿ, ನಾವೇ ತೆಗೆದುಕೊಳ್ಳಬಹುದು. ಇನ್ನು ಶೂನ್ಯ ವರದಿಯನ್ನು ಕೇಳಲೇಬೇಕು. ಕೇಳದಿದ್ದರೆ ಉತ್ತರ ಬಾರದ ಪಂಚಾಯಿತಿಯಲ್ಲಿ ಸಮಸ್ಯೆ ಇಲ್ಲವೋ, ಜ್ಞಾಪನ ಓದಿಯೇ ಇಲ್ಲವೋ ತಿಳಿಯಲ್ಲ.

ಟೈಪ್ ಮಾಡುವುದು ಯೂನಿಕೋಡ್‌ನಲ್ಲೇ ಇರಲಿ. ಯೂನಿಕೋಡ್ ಅಲ್ಲದ ಹಳೆಯ 'ನುಡಿ' ತಂತ್ರಾಂಶದ ಅಕ್ಷರಗಳನ್ನು ವಾಟ್ಸಾಪ್‌ಗೆ ಅಂಟಿಸಿದರೆ ಅರ್ಥವಾಗದ ಗುರುತುಗಳು ಬರುತ್ತವೆ. ಪಿಡಿಎಫ್ ಜೊತೆಗೆ ಮೊದಲ ಎರಡು ಸಾಲನ್ನು ಸಂದೇಶವಾಗಿಯೂ ಹಾಕಿ.

ಮೇಲಕ್ಕೆ ಹೋಗುವ ಟಿಪ್ಪಣಿಯ ಲೆಕ್ಕ ಸ್ವಲ್ಪ ಬೇರೆ. ಇಒ (ಕಾರ್ಯನಿರ್ವಾಹಕ ಅಧಿಕಾರಿ) ಸಾಹೇಬರ ಮುಂದೆ ಕಡತ ಮಂಡಿಸುವಾಗ ಅವರು ಸಹಿ ಮಾಡಲು ಏನೇನು ತಿಳಿಯಬೇಕೋ ಅದಷ್ಟೂ ಆ ಪುಟದಲ್ಲೇ ಇರಬೇಕು. ಮೋಟಾರ್ ರಿಪೇರಿಗೆ ಅನುಮೋದನೆ ಬೇಕಿದ್ದರೆ ಯಾವ ಊರು, ಅಂದಾಜು ಎಷ್ಟು, ಹಣ ಹಣಕಾಸು ಆಯೋಗದ ಅನುದಾನದ್ದೋ ಪಂಚಾಯಿತಿಯ ಸ್ವಂತ ಸಂಪನ್ಮೂಲದ್ದೋ, ಅದರಲ್ಲಿ ಉಳಿದಿರುವುದು ಎಷ್ಟು, ಯಾವ ನಿಯಮದಡಿ, ಇಷ್ಟನ್ನೂ ಬರೆಯಿರಿ. ಆಮೇಲೆ ನಿಮ್ಮ ಅಭಿಪ್ರಾಯ ಹೇಳಿ. "ಮುಂದಿನ ಆದೇಶಕ್ಕಾಗಿ ಸಲ್ಲಿಸಿದೆ" ಅಂತ ಮುಗಿಸುವುದು ಸುಲಭ, ಆದರೆ ಕಡತ "ಚರ್ಚಿಸಿ" ಅನ್ನುವ ಒಂದೇ ಪದ ಹೊತ್ತು ವಾಪಸ್ ಬರುತ್ತದೆ. "ಅಂದಾಜು ಮೊತ್ತ ಅನುದಾನದ ಉಳಿಕೆಯೊಳಗೆ ಇರುವುದರಿಂದ ಅನುಮೋದಿಸಬಹುದು" ಅಂತ ಬರೆದರೆ ಒಪ್ಪುವುದೋ ಬಿಡುವುದೋ ಅವರಿಗೆ ಸುಲಭ.

ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂತು. ಆ ಕಾಯ್ದೆಯಡಿ ಅರ್ಜಿ ಹಾಕಿದವರಿಗೆ ನೀವು ಬರೆದ ಟಿಪ್ಪಣಿಯ ಪ್ರತಿಯೂ ಹೋಗಬಹುದು, ಉತ್ತರಕ್ಕೆ ಇರುವ ಗಡುವು 30 ದಿನ. ಕಾಯ್ದೆಯ 4(1)(ಡಿ) ಪ್ರಕಾರ ಒಂದು ತೀರ್ಮಾನದಿಂದ ಯಾರಿಗೆ ತೊಂದರೆಯೋ ಲಾಭವೋ ಆಗುತ್ತದೋ ಅವರಿಗೆ ಕಾರಣ ತಿಳಿಸುವುದು ನಮ್ಮ ಕರ್ತವ್ಯ. ಆದ್ದರಿಂದ ಕಾರಣವನ್ನು ಟಿಪ್ಪಣಿಯಲ್ಲೇ ಬರೆದಿಡಿ. ಊರಿನ ಯಜಮಾನರೊಬ್ಬರು ಕನ್ನಡಕ ಹಾಕಿಕೊಂಡು ಅದನ್ನು ಓದಿದರೆ ಅರ್ಥವಾಗುವ ಹಾಗೆ ಬರೆಯಿರಿ. 'ಸದರಿ', 'ಪ್ರಸ್ತುತ', 'ತತ್ಸಂಬಂಧ' ಇವುಗಳ ಜಾಗದಲ್ಲಿ ಊರಿನ ಹೆಸರು, ಬಾವಿಯ ಗುರುತು ಬಂದರೆ ಅರ್ಧ ಕೆಲಸ ಆದಂತೆಯೇ.

ಸಹಿಗೆ ಇಡುವ ಮುಂಚೆ ಜ್ಞಾಪನವನ್ನು ಪಕ್ಕದ ಮೇಜಿನವರಿಗೆ ಒಮ್ಮೆ ಓದಲು ಕೊಡಿ. ಆ ವಿಷಯ ಗೊತ್ತಿಲ್ಲದವರಾದರೆ ಇನ್ನೂ ಒಳ್ಳೆಯದು. ಓದಿದ ಮೇಲೆ "ನೀವೇ ಪಿಡಿಒ ಆಗಿದ್ದರೆ ಈಗ ಏನು ಮಾಡುತ್ತೀರಿ ಮೇಡಂ?" ಅಂತ ಕೇಳಿ. ಅವರು ಯೋಚನೆ ಮಾಡತೊಡಗಿದರೆ ಮೊದಲ ವಾಕ್ಯ ತಿದ್ದಿ.

ಜಾವಕದಲ್ಲಿ (ಹೊರಹೋಗುವ ಪತ್ರಗಳ ಪುಸ್ತಕದಲ್ಲಿ) ನಮೂದಿಸಿ ಕಳುಹಿಸಿದ ಮೇಲೆ ಕೊನೆಯ ದಿನದ ಹಿಂದಿನ ಮಧ್ಯಾಹ್ನ ಯಾರ ಉತ್ತರ ಬಂದಿಲ್ಲ ನೋಡಿ, ಅವರಿಗೆ ಮಾತ್ರ ಫೋನ್ ಮಾಡಿ. ಎಲ್ಲರಿಗೂ ನೆನಪೋಲೆ ಕಳುಹಿಸಿದರೆ ಆಗಲೇ ಕಳುಹಿಸಿದವರಿಗೆ ಬೇಸರವಾಗುತ್ತದೆ. ಫೋನಿಗೂ ಬಾರದಿದ್ದರೆ ಆ ಪಂಚಾಯಿತಿಯ ಹೆಸರು ಹಾಕಿ, ಮೊದಲ ಜ್ಞಾಪನದ ಸಂಖ್ಯೆ ನಮೂದಿಸಿ, ನೆನಪೋಲೆ-1 ಬರೆಯಿರಿ. ಅದರಲ್ಲೂ ಬೇಕಾದ ಮೂರು ವಿವರಗಳನ್ನು ಮತ್ತೆ ಬರೆದುಬಿಡಿ, ಹಳೆಯ ಪಿಡಿಎಫ್ ಹುಡುಕುವ ಕೆಲಸ ಅವರಿಗೆ ಬೇಡ.