ಮೆಣಸಿನ ಬಳ್ಳಿ ಹಿಡಿದು ವಿಶ್ವಕೋಶ ಓದಿದ್ದು

ವಿಶ್ವಕೋಶವನ್ನು ಯಾರಾದರೂ ಓದ್ತಾರಾ, ಅದು ಹುಡುಕಿ ನೋಡೋಕೆ ಇರೋದು ಅಂತ ಸೋಮವಾರಪೇಟೆಯ ಗೆಳೆಯರೆಲ್ಲ ನಕ್ಕಿದ್ದರು. ನಾಲ್ಕು ವರ್ಷ ಆಯ್ತು. ಈಗ ಮಕ್ಕಳಿಗೆ ಪ್ರಾಜೆಕ್ಟ್ ಕೊಟ್ಟರೆ ಅವರೇ ನನಗೆ ಫೋನ್ ಮಾಡುತ್ತಾರೆ.

ಶುರುವಿನಲ್ಲಿ ನಾನೂ ಎಡವಟ್ಟು ಮಾಡಿಕೊಂಡೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ, 14 ಸಂಪುಟ. ಹಳೆಯದನ್ನು ಸುಮಾರು 5,000 ಕೊಟ್ಟು ತಂದೆ. ಮನೆಗೆ ಬಂದು ಎಣಿಸಿದರೆ 13! ದಿನಕ್ಕೆ ಹತ್ತು ಪುಟ ಎಂದು ಹಠ ಹಿಡಿದವನು ಎರಡಕ್ಕೆ ಇಳಿದೆ. ಮಳೆಗಾಲ ಮುಗಿದರೂ ‘ಅ’ ಅಕ್ಷರ ದಾಟಲಿಲ್ಲ. ಓದಿದ್ದು ತಲೆಯಲ್ಲಿ ನಿಲ್ಲಲೂ ಇಲ್ಲ.

ಜೊತೆಗೆ ಬೂಷ್ಟು. ನಮ್ಮ ಕೊಡಗಿನ ಜುಲೈ ಮಳೆ ಗೊತ್ತಲ್ವಾ. ಬೀರುವಿನಲ್ಲಿ 40 ವ್ಯಾಟ್ ಬಲ್ಬ್ ಉರಿಸಿಟ್ಟೆ. ಕರೆಂಟೇ ಇಲ್ಲದಿದ್ದರೆ ಬಲ್ಬ್ ಏನು ಮಾಡೀತು? ಒಲೆ ಮೇಲಿನ ಅಟ್ಟಕ್ಕೆ ಏರಿಸಿದೆ. ಬೂಷ್ಟು ಹೋಯ್ತು, ಬೈಂಡಿನ ಅಂಟೂ ಬಿಟ್ಟಿತು. ಮತ್ತೆ ಬೈಂಡ್ ಮಾಡಿಸಲು 1,500ರ ಹತ್ತಿರ. ಈಗ ಬೇರೆ ಉಪಾಯ ಇದೆ, ಮನೆಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ದಾರಿ ಸಿಕ್ಕಿದ್ದು ಕರಿಮೆಣಸು ಕೊಯ್ಯುವಾಗ. ಅಕ್ಷರದ ಹಿಂದೆ ಹೋಗೋದು ಬಿಟ್ಟು ತೋಟದ ಒಂದೊಂದು ವಸ್ತುವಿನ ಹಿಂದೆ ಹೋದೆ. ಇದು ಎಲ್ಲಿಂದ ಬಂತು, ಯಾರು ತಂದರು, ಅದಕ್ಕೆ ಮುಂಚೆ ಇಲ್ಲೇನಿತ್ತು? ಕರಿಮೆಣಸು ನಮ್ಮದೇ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು ಇಂಥ ಸರಕಿಗೆ. ಮೆಣಸಿನಕಾಯಿ ಮಾತ್ರ ಅಮೆರಿಕದ್ದು; ಪೋರ್ಚುಗೀಸರು ತಂದ ಮೇಲೆ ಮೆಣಸಿನ ಹೆಸರನ್ನೇ ಅದಕ್ಕೂ ಅಂಟಿಸಿದೆವು. ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಮರ ಆಸ್ಟ್ರೇಲಿಯಾದ್ದು. ಅದರ ಕೆಳಗಿರುವ ಅರೇಬಿಕಾ ಕಾಫಿ, ಹೆಸರು ಏನೇ ಇರಲಿ, ಇಥಿಯೋಪಿಯಾದ ಕಡೆಯದು. ಕಾಫಿಯ ಎಳೆ ಸಿಲೋನಿಗೆ, ಅಂದರೆ ಈಗಿನ ಶ್ರೀಲಂಕಾಕ್ಕೆ ಎಳೆಯಿತು. ಅಲ್ಲಿ 1869ರ ಸುಮಾರಿಗೆ ಎಲೆ ತುಕ್ಕು ರೋಗ ಬಿದ್ದು ಕಾಫಿ ನೆಲಕಚ್ಚಿತು, ತೋಟದವರು ಟೀಗೆ ತಿರುಗಿದರು. ನಾವು ಬೋರ್ಡೋ ದ್ರಾವಣ ಹೊಡೆಯೋದು ಅದೇ ತುಕ್ಕಿಗೆ ಅಲ್ವಾ? ಆ ಬೋರ್ಡೋ ಫ್ರಾನ್ಸಿನ ಊರು, ಮೈಲುತುತ್ತು ಸುಣ್ಣ ಬೆರೆಸಿ ಅಲ್ಲಿ ದ್ರಾಕ್ಷಿಗೆ ಹೊಡೆಯುತ್ತಿದ್ದರು. ಇಪ್ಪತ್ತು ವರ್ಷ ಆ ಡ್ರಮ್ ಕಲಕಿದ್ದೇನೆ, ಹೆಸರು ಯಾಕೆ ಅಂತ ಒಮ್ಮೆಯೂ ಕೇಳಿರಲಿಲ್ಲ.

ಹೀಗೆ ಅರವತ್ತು ಎಳೆ ಆಗಿರಬೇಕು, ಕಾಫಿ ಮಾರಿದ ರಸೀದಿಗಳ ಹಿಂಬದಿಯಲ್ಲಿ ಬರೆದಿಟ್ಟಿದ್ದೇನೆ. ನಡುವೆ ಓದಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ ನೋಡಿದೆ. ನನ್ನ ದನಿಗೆ ನನಗೇ ನಿದ್ದೆ ಬಂತು, ಬಿಟ್ಟೆ.

ಈಗಲೂ ಕೆಲವು ಎಳೆ ಆ ಇಲ್ಲದ 9ನೇ ಸಂಪುಟದ ಹತ್ತಿರ ಹೋಗಿ ತುಂಡಾಗುತ್ತವೆ. ಯಾರ ಮನೆಯಲ್ಲಾದರೂ ಸುಮ್ನೆ ಬಿದ್ದಿದ್ದರೆ ಹೇಳಿ, 400ರವರೆಗೆ ಕೊಡುತ್ತೇನೆ. ಬೂಷ್ಟು ಹಿಡಿದಿದ್ದರೂ ಆದೀತು.